ಮಾವನವರ ನಕಲು

ನಮ್ಮೂರಿನಲ್ಲಿ ಒಂದು ಬರಹ ಒಂದೇ ಕಡೆ ಇರುತ್ತದೆ. ಒಂದು ಸಂಗತಿಯನ್ನು ಅದೇ ಮಾತಿನಲ್ಲಿ ಇನ್ನೊಂದು ಕಡೆ ಬರೆದರೆ ಮೊದಲಿನದು ಅಳಿಸಿಹೋಗುತ್ತದೆ. ಕಾಗದ, ಗೋಡೆ, ಕಂಪ್ಯೂಟರು, ಫೋನು, ಎಲ್ಲಕ್ಕೂ ಇದೇ. ಬಾಯಿಮಾತಿಗೆ ಮಾತ್ರ ಇಲ್ಲ. ನಾವು ಇದನ್ನು ದೊಡ್ಡ ವಿಷಯ ಮಾಡಿಕೊಂಡವರಲ್ಲ. ಮದುವೆಗೆ ಒಂದೇ ಲಗ್ನಪತ್ರಿಕೆ ಬರೆಸುತ್ತೇವೆ. ಅದು ಮನೆಯಿಂದ ಮನೆಗೆ ಹೋಗಿ, ಮೂಲೆಯೆಲ್ಲ ಮುದುಡಿ, ಮದುವೆಯ ದಿನ ಕೊನೆಯ ಮನೆಯವರ ಕೈಯಲ್ಲಿ ಛತ್ರಕ್ಕೆ ವಾಪಸು ಬರುತ್ತದೆ. ಜೆರಾಕ್ಸ್ ಅಂಗಡಿಗೆ ಹರಿದ ಹಳೆಯ ಪತ್ರ ಕೊಟ್ಟರೆ ಬರಹ ಹೊಸ ಹಾಳೆಗೆ ಬಂದು ಕೂರುತ್ತದೆ, ಖಾಲಿಯಾದ ಹಳೆಯ ಹಾಳೆಯನ್ನು ಅಂಗಡಿಯವನು ಕಡಲೆಕಾಯಿ ಮಾರುವವನಿಗೆ ಕೊಡುತ್ತಾನೆ. ಬಸ್‌ಸ್ಟ್ಯಾಂಡುಗಳು ಎರಡಿವೆ. ಹಳೆಯದರ ಹಲಗೆಯ ಮೇಲೆ ‘ಬೆಳಿಗ್ಗೆ ಏಳಕ್ಕೆ’ ಎಂದಿದ್ದರೆ ಹೊಸದರಲ್ಲಿ ‘ಎಂಟಾಗಲು ಒಂದು ಗಂಟೆ ಇರುವಾಗ’ ಎಂದು ಬರೆದಿದ್ದಾರೆ. ಬಸ್ಸು ಎರಡೂ ಕಡೆ ತಡವಾಗಿಯೇ ಬರುತ್ತದೆ.

ನಾನು ಗುರುಶಾಂತ, ಮನೆಮನೆಗೆ ಹೋಗುವ ನರ್ಸು. ಹಾಸಿಗೆ ಹಿಡಿದವರು, ಆಪರೇಷನ್ ಆಗಿ ಬಂದವರು, ವಯಸ್ಸಾದವರು, ಹೀಗೆ ಹದಿನಾಲ್ಕು ಮನೆಗಳು ನನ್ನ ಪಾಲಿಗೆ. ಬಿಪಿ ನೋಡಬೇಕು, ಗಾಯ ತೊಳೆದು ಪಟ್ಟಿ ಕಟ್ಟಬೇಕು, ಮಗ್ಗುಲು ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು. ಪ್ರತಿಯೊಬ್ಬರ ಬಗ್ಗೆಯೂ ಟಿಪ್ಪಣಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಕಚೇರಿಗೆ ಕೊಡುವ ವರದಿ ಬೇರೆ, ಇದು ನನ್ನ ಸ್ವಂತದ್ದು. ಯಾರಿಗೆ ಯಾವ ಔಷಧಿ ಮೈಗೆ ಹಿಡಿಸುವುದಿಲ್ಲ, ಯಾರಿಗೆ ಎಡಮಗ್ಗುಲಾದರೆ ಭಯ, ಮಾತ್ರೆ ನುಂಗಿಸುವ ಮುಂಚೆ ಯಾರನ್ನು ಅವರ ಹಳೆಯ ಎತ್ತಿನ ಗಾಡಿಯ ವಿಷಯ ಕೇಳಬೇಕು, ಇಂಥವು. ನಡುನಡುವೆ ನನ್ನ ಮನಸ್ಸಿಗೆ ಬಂದದ್ದೂ ಇರುತ್ತಿತ್ತು.

ಈ ಟಿಪ್ಪಣಿ ಹಗಲು ಓಡಾಡುವಾಗ ಫೋನಿನಲ್ಲಿ ಬೇಕು. ಸಂಜೆ ಕೂತು ವಾರದ್ದನ್ನೆಲ್ಲ ಒಟ್ಟಿಗೆ ನೋಡಿ ಮರುದಿನದ ಕೆಲಸ ಜೋಡಿಸಿಕೊಳ್ಳಲು ಕಂಪ್ಯೂಟರಿನಲ್ಲಿ ಬೇಕು. ಮಾರ್ಕೆಟ್ಟಿನ ಹತ್ತಿರ ಒಂದು ಸಾಗಣೆ ಕಚೇರಿಯಿದೆ. ತಿಂಗಳಿಗಿಷ್ಟು ಅಂತ ಕಟ್ಟಿದರೆ ಬೆಳಿಗ್ಗೆ ಕಂಪ್ಯೂಟರಿನಿಂದ ಫೋನಿಗೆ, ಸಂಜೆ ಫೋನಿನಿಂದ ಕಂಪ್ಯೂಟರಿಗೆ ಸಾಗಿಸಿಕೊಡುತ್ತಾರೆ. ನನಗೆ ಅದು ದಂಡ ಅನ್ನಿಸಿ ನಾನೇ ಒಂದು ಪುಕ್ಕಟೆ ಆ್ಯಪ್ ಹಾಕಿಕೊಂಡಿದ್ದೆ. ಬೇರೆ ಊರುಗಳಲ್ಲಿ ಅದು ಎರಡೂ ಕಡೆ ಒಂದೇ ಟಿಪ್ಪಣಿ ಇಡುತ್ತದಂತೆ. ನಮ್ಮೂರಿನಲ್ಲಿ ಒಂದು ಕಡೆ ತುಂಬುತ್ತದೆ, ಇನ್ನೊಂದು ಕಡೆ ಖಾಲಿ ಮಾಡುತ್ತದೆ. ಮೂರು ವರ್ಷ ಹಾಗೇ ನಡೆಯಿತು.

ಒಂದು ಮಂಗಳವಾರ ಹುಸೇನ್ ಸಾಬರಿಗೆ ಮೈ ಒರೆಸಲು ಬಿಸಿನೀರು ತೋಡಿಕೊಳ್ಳಲು ಬಗ್ಗಿದೆ. ಅಂಗಿಯ ಜೇಬಿನಿಂದ ಫೋನು ಜಾರಿ ಕುದಿಯುತ್ತಿದ್ದ ಹಂಡೆಗೆ ಬಿತ್ತು. ಅವರ ಹೆಂಡತಿ ಬೀಬಿಜಾನ್ ಓಡಿ ಬಂದು ಸೌಟಿನಿಂದ ಎತ್ತಿದರು. “ಅಯ್ಯೋ ಗುರುಶಾಂತಣ್ಣ, ಬೆಂದೋಯ್ತಲ್ಲ ಫೋನು!” ಅಂದರು. ಮನೆಯ ಕಂಪ್ಯೂಟರು ಬೆಳಿಗ್ಗೆಯಿಂದ ಖಾಲಿ ಕೂತಿತ್ತು. ಮೂರು ವರ್ಷದ ಟಿಪ್ಪಣಿ ಎಲ್ಲೂ ಇಲ್ಲದಂತಾಯಿತು.

ಎಲ್ಲ ನನ್ನ ತಲೆಯಲ್ಲೇ ಇದೆ ಅಂದುಕೊಂಡಿದ್ದೆ. ಇರಲಿಲ್ಲ. ಎರಡು ದಿನ ಕಳೆದು ಅದೇ ಹುಸೇನ್ ಸಾಬರಿಗೆ ಡಾಕ್ಟರು ಹೊಸ ಇಂಜೆಕ್ಷನ್ ಬರೆದಿದ್ದರು. ಸಿರಿಂಜಿಗೆ ತುಂಬಿಸಿ, ತೋಳು ಒರೆಸಿ, ಸೂಜಿ ಹತ್ತಿರ ತಂದಿದ್ದೆ. ಅವರು ಸುಮ್ಮನೆ ಮಾತಿಗೆ, “ಪೆನ್ಸಿಲಿನ್ ಜಾತೀದಲ್ಲ ತಾನೆ? ಹೋದ್ಸಲ ಅದ್ರಿಂದ್ಲೇ ಅಲ್ವ ನನ್ನ ಗಂಟಲು ಕಟ್ಟಿದ್ದು” ಅಂದರು. ಅದು ಪೆನಿಸಿಲಿನ್ ಜಾತಿಯದೇ ಆಗಿತ್ತು. ಪೆನಿಸಿಲಿನ್ ಆಗದವರು ಗಂಗಣ್ಣನವರು ಎಂದು ನನ್ನ ತಲೆ ಹೇಳುತ್ತಿತ್ತು. ಸಿರಿಂಜನ್ನು ಪಕ್ಕಕ್ಕಿಟ್ಟೆ. ಹೊರಗೆ ಬಂದು ಅವರ ಜಗಲಿಯ ಮೇಲೆ ಕೂತೆ.

ಮನೆಗೆ ಬಂದು ಹೆಂಡತಿ ವಿಶಾಲಾಕ್ಷಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ರೀ, ಅಪ್ಪನ್ನ ಕೇಳಿ” ಅಂದಳು.

“ನಿಮ್ಮಪ್ಪನ್ನ?”

“ಅವ್ರು ಮಾಡಿದ್ದೇ ಆ ಕೆಲ್ಸ ಅಲ್ವ?”

ನನ್ನ ಮಾವ ನಂಜುಂಡಾರಾಧ್ಯರು ಕೋರ್ಟಿನಲ್ಲಿ ನಕಲುಗಾರರಾಗಿದ್ದವರು. ನಮ್ಮೂರಿನ ಕೋರ್ಟಿನಲ್ಲಿ ವಾದಿಗೂ ಪ್ರತಿವಾದಿಗೂ ತೀರ್ಪಿನ ಪ್ರತಿ ಸಿಗಬೇಕಾದರೆ ಯಾರಾದರೂ ಅದನ್ನು ಬೇರೆ ಮಾತಿನಲ್ಲಿ, ಅರ್ಥ ಕೂದಲೆಳೆಯಷ್ಟೂ ಕದಲದ ಹಾಗೆ, ಮತ್ತೆ ಬರೆಯಬೇಕು. ಒಬ್ಬರ ಪ್ರತಿಯಲ್ಲಿ ‘ಪ್ರತಿವಾದಿಯು ಜಮೀನನ್ನು ಬಿಟ್ಟುಕೊಡತಕ್ಕದ್ದು’ ಎಂದಿದ್ದರೆ ಇನ್ನೊಬ್ಬರದರಲ್ಲಿ ‘ಜಮೀನು ಪ್ರತಿವಾದಿಯ ಬಳಿ ಉಳಿಯತಕ್ಕದ್ದಲ್ಲ’ ಎಂದಿರಬೇಕು. ಸುಲಭವಲ್ಲ. ನಾನೇ ನನ್ನ ಟಿಪ್ಪಣಿಯನ್ನು ಬೇರೆ ಮಾತಿನಲ್ಲಿ ಬರೆಯಲು ನೋಡಿದ್ದೆ. ಎರಡು ಸಾಲು ಬೇರೆಯಾಗಿ ಬರುತ್ತದೆ, ಮೂರನೆಯದು ಮೊದಲಿನ ಹಾಗೇ ಬಂದು ಮೂಲದಲ್ಲಿ ಅಳಿಸಿಹೋಗುತ್ತದೆ. ಮಾವನವರು ನಲವತ್ತು ವರ್ಷ ಇದನ್ನೇ ಮಾಡಿ ಹೆಸರು ತೆಗೆದುಕೊಂಡವರು. ಅತ್ತೆ ತೀರಿಕೊಂಡ ಮೇಲೆ, ಎರಡು ವರ್ಷದಿಂದ ನಮ್ಮ ಜೊತೆಗಿದ್ದರು.

ಆದರೆ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಗಂಡಸು ನರ್ಸಾಗುವುದು ಅವರಿಗೆ ಸರಿಬಂದಿರಲಿಲ್ಲ. ಮದುವೆಯ ಹೊಸದರಲ್ಲಿ ನೆಂಟರೆದುರು ನನ್ನನ್ನು ‘ಇಂಜೆಕ್ಷನ್ ಅಳಿಯ’ ಅಂದಿದ್ದರು. ನಾನು ಅದನ್ನು ಮರೆತಿರಲಿಲ್ಲ. ಮನೆಯಲ್ಲಿ ‘ಊಟ ಆಯ್ತೇ?’, ‘ಆಯ್ತು’ ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಮರುದಿನ ಅವರ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ. ಹುಸೇನ್ ಸಾಬರ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

“ಸಾಗಣೆ ಆಫೀಸಿನೋರು ಏನಂದ್ರು?”

“ಅವ್ರು ಸಾಗಿಸ್ತಾರೆ ಅಷ್ಟೇ ಮಾವ. ಎರಡು ಕಡೆ ಇಡೋಕೆ ಬರಲ್ಲ.”

“ಹೇಗೆ ಬರುತ್ತೆ? ಅದಕ್ಕೆ ಓದಬೇಕು, ಅರ್ಥ ಮಾಡ್ಕೋಬೇಕು” ಅಂದರು. ಸ್ವಲ್ಪ ಯೋಚಿಸಿ, “ಎರಡು ಷರತ್ತು, ಅಳಿಯಂದಿರೇ. ನೀವು ಬರೆದದ್ದನ್ನ ಒಂದೂ ಬಿಡದೆ ನನಗೆ ಓದಿ ಹೇಳಬೇಕು. ಅರ್ಧ ಕೊಟ್ಟು ನಕಲು ಮಾಡಿ ಅಂದ್ರೆ ನಾನು ಮಾಡಲ್ಲ. ಇನ್ನೊಂದು, ಆ ಹೊತ್ತಲ್ಲಿ ಬಾಗಿಲು ಹಾಕಿರಬೇಕು. ಜನರ ಕಾಯಿಲೆ ಕಸಾಲೆ ಅಡುಗೆಮನೆಗೆ ಕೇಳಿಸಬಾರದು.”

“ನಿಮಗೆ ಏನು ಕೊಡ್ಲಿ ಮಾವ?”

“ಅಂಗಡಿ ಇಟ್ಟಿದೀನಾ ನಾನು?” ಅಂದು ಕನ್ನಡಕ ಹಾಕಿಕೊಂಡರು.

ಕಂಪ್ಯೂಟರನ್ನು ಅವರ ಕೋಣೆಗೆ ಸಾಗಿಸಿದೆ. ಸಂಜೆ ಐದೂವರೆಗೆ ನಾನು ಹೊಸ ಫೋನು ಹಿಡಿದು ಸ್ಟೂಲಿನ ಮೇಲೆ ಕೂತೆ, ಅವರು ಕೀಬೋರ್ಡಿನ ಮುಂದೆ ಕೂತರು. ನಾನು ಓದಿದೆ: “ರೋಜ್‌ಮೇರಿ ಟೀಚರು. ಎಡಮಗ್ಗುಲಿಗೆ ತಿರುಗಿಸಲು ಹೋದರೆ ಹೆದರಿ ಕಿರುಚುತ್ತಾರೆ.” ಅವರು ಕಣ್ಣು ಮುಚ್ಚಿ ತೆರೆದು ಟೈಪು ಮಾಡಿದರು: “ಸದರಿ ಉಪಾಧ್ಯಾಯಿನಿಯವರು ವಾಮ ಪಾರ್ಶ್ವದಲ್ಲಿ ಮಲಗಲು ಭಯದ ಕಾರಣ ಸಮ್ಮತಿಸಿರುವುದಿಲ್ಲ.” ನಾನು ಫೋನು ನೋಡಿದೆ. ನನ್ನ ಸಾಲು ಹಾಗೇ ಇತ್ತು. ಕಂಪ್ಯೂಟರಿನಲ್ಲಿ ಅವರ ಸಾಲೂ ಇತ್ತು. ಒಂದೇ ವಿಷಯ ಎರಡು ಪರದೆಗಳ ಮೇಲೆ ಅಕ್ಕಪಕ್ಕ ಬೆಳಗುತ್ತಿರುವುದನ್ನು ನನ್ನ ಜೀವಮಾನದಲ್ಲಿ ನಾನು ನೋಡಿರಲಿಲ್ಲ. ಅವರಿಗೆ ಅದು ಅಭ್ಯಾಸ. “ಮುಂದಕ್ಕೆ” ಅಂದರು.

ಸಣ್ಣ ಸಾಲುಗಳೇ ತಾಪತ್ರಯ. ‘ಊಟ ಮಾಡಿದರು’ ಅನ್ನುವುದನ್ನು ಎಷ್ಟು ಥರ ಹೇಳುವುದು? ಅವರು ಮರೆತು ಹಾಗೇ ಟೈಪು ಮಾಡಿದರೆ ನನ್ನ ಫೋನಿನಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು. ಆಮೇಲೆ ‘ಭೋಜನ ಸಂದಾಯವಾಗಿದೆ’, ‘ತಟ್ಟೆ ಖಾಲಿ ಮರಳಿದೆ’ ಎಂದೆಲ್ಲ ಹುಡುಕಿಕೊಂಡರು. ಬಿಪಿಯನ್ನು ನಾನು ಅಂಕಿಯಲ್ಲಿ, ಅವರು ಅಕ್ಷರದಲ್ಲಿ. ಬೆಳಿಗ್ಗೆ ಇದೇ ಕೆಲಸ ಉಲ್ಟಾ. ಹಿಂದಿನ ಸಂಜೆ ಕಂಪ್ಯೂಟರಿನಲ್ಲಿ ಮರುದಿನದ ಕೆಲಸವೆಂದು ಸೇರಿಸಿದ್ದನ್ನು ಅವರು ಹೇಳುತ್ತಿದ್ದರು, ನಾನು ನನ್ನ ಮಾತಿನಲ್ಲಿ ಫೋನಿಗೆ ಹಾಕಿಕೊಳ್ಳುತ್ತಿದ್ದೆ. ತಿಂಗಳೊಳಗೆ ನಮ್ಮ ಬೀದಿಗೆಲ್ಲ ವಿಷಯ ಗೊತ್ತಾಯಿತು. ಹೂ ಮಾರುವ ಸಾಕಮ್ಮ ತನ್ನ ಓರಗಿತ್ತಿಯ ಜೊತೆ, ಅಂಚೆಯ ಶಂಕರಪ್ಪ ತನ್ನ ಇಸ್ಪೀಟು ಆಟದ ಗೆಳೆಯನ ಜೊತೆ ಶುರು ಮಾಡಿದರು. ಸಾಕಮ್ಮನ ಜೋಡಿ ಮೂರೇ ದಿನಕ್ಕೆ ಜಗಳವಾಗಿ ಮುರಿಯಿತು. ತನ್ನ ಟಿಪ್ಪಣಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ನನಗೂ ಅದು ನಾಟಿದ್ದು ಕೆಂಪಸಿದ್ದಯ್ಯನವರ ವಿಷಯದಲ್ಲಿ. ಅವತ್ತು ನಾನು ಓದಿದ್ದು ಇಷ್ಟು: “ಕೆಂಪಸಿದ್ದಯ್ಯ. ಮಾತು ಕಡಿಮೆ. ಎಡಗೈಯಿಂದ ಲೋಟ ಜಾರಿತು. ಚೆನ್ನಾಗಿದ್ದಾರೆ.” ಮಾವನವರು ಎರಡು ಸಾಲು ಟೈಪು ಮಾಡಿ ನಿಲ್ಲಿಸಿದರು.

“ಮೂರನೇದು ಬರ್ತಿಲ್ಲ ನನಗೆ.”

“ಯಾಕೆ ಮಾವ? ಆರೋಗ್ಯವಾಗಿದ್ದಾರೆ ಅಂತ ಹಾಕಿ.”

“ಹಾಕಬಹುದು. ಆದ್ರೆ ಅದು ಮೊದಲಿನ ಎರಡಕ್ಕೂ ಒಪ್ಪಲ್ಲ. ನಿನ್ನೆ ಏನು ಬರೆದಿದ್ರಿ? ತುಟಿಯ ಒಂದು ಕಡೆ ಅಂಬಲಿ ಸೋರಿತು ಅಂತ. ನಾನು ಟೈಪು ಮಾಡಿದೀನಿ, ಇಲ್ಲೇ ಇದೆ ನೋಡಿ. ಕೋರ್ಟಿನಲ್ಲಿ ಹೀಗೆ ಬಂದ್ರೆ ಷರಾ ಬರೆದು ವಾಪಸ್ ಕಳಿಸ್ತಿದ್ದೆ. ಚೆನ್ನಾಗಿದ್ದಾರಾ ಅವ್ರು?”

ಹದಿನಾಲ್ಕು ಮನೆಯಲ್ಲೂ ಕೊನೆಗೆ ‘ಚೆನ್ನಾಗಿದ್ದಾರೆ’ ಎಂದು ಬರೆದು ಬರೆದು ಅದು ನನಗೆ ಪೂರ್ಣವಿರಾಮದ ಹಾಗಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಸಿದ್ದಯ್ಯನವರನ್ನು ನಗಿ ಅಂದೆ, ಮುಖದ ಒಂದೇ ಪಾಲು ನಕ್ಕಿತು. ಅವರ ಮಗನ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟುತ್ತಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ಹನ್ನೆರಡು ದಿನಕ್ಕೆ ಮನೆಗೆ ಬಂದರು. ಎಡಗೈ ಪೂರ್ತಿ ಮರಳಲಿಲ್ಲ, ಮಾತು ಮರಳಿತು.

ನಾನು ಮಾವನವರಿಗೆ ಏನಾದರೂ ಹೇಳಬೇಕೆಂದು ಹೋದೆ. ಅವರು ಅದಕ್ಕೆ ಅವಕಾಶ ಕೊಡದೆ, “ಆ ಸಿದ್ದಯ್ಯನಿಗೆ ತನ್ನ ಹಳೇ ಗಾಡಿಯ ಎತ್ತುಗಳ ಹೆಸರು ನೆನಪಿದ್ಯಂತಾ?” ಅಂದರು. “ಇದೆ ಮಾವ, ಎರಡರದ್ದೂ.” “ಸರಿ ಹಾಗಾದ್ರೆ.” ಅಂದಿನಿಂದ ಐದೂವರೆಯ ಆ ಒಂದು ಗಂಟೆ ಕೆಲಸ ಅನ್ನಿಸುತ್ತಿರಲಿಲ್ಲ. ನನ್ನ ಹದಿನಾಲ್ಕು ಜನರಲ್ಲಿ ಒಬ್ಬರನ್ನೂ ನೋಡದೆ ಅವರು ಎಲ್ಲರನ್ನೂ ಬಲ್ಲವರಾದರು. ರೋಜ್‌ಮೇರಿ ಟೀಚರಿಗೆ ಹಾಸಿಗೆಯ ಎಡಕ್ಕೆ ಗೋಡೆ ಇದೆಯೋ ಇಲ್ಲವೋ ಕೇಳಿ ಎಂದು ಒಂದು ದಿನ ಹೇಳಿದರು. ಇರಲಿಲ್ಲ. ಮಂಚವನ್ನು ಗೋಡೆಗೆ ಸರಿಸಿದೆವು, ಭಯ ಹೋಯಿತು.

ಹೀಗೆ ಎದುರುಬದುರು ಕೂರುತ್ತಿದ್ದುದರಿಂದಲೇ ನನಗೆ ಅದು ಕಂಡಿದ್ದು. ನಾನು ಓದುವಾಗ ಅವರ ಬಲಗೈ ತೊಡೆಯ ಮೇಲಿರುತ್ತಿತ್ತು. ಹೆಬ್ಬೆರಳೂ ತೋರುಬೆರಳೂ ತಮ್ಮ ಪಾಡಿಗೆ ಆಡುತ್ತಿದ್ದವು. ಕೀ ಒತ್ತಲು ಎತ್ತಿದರೆ ನಿಲ್ಲುತ್ತಿತ್ತು, ಇಳಿಸಿದರೆ ಮತ್ತೆ ಶುರು. ಮೊದಲು ಅಭ್ಯಾಸ ಅಂದುಕೊಂಡೆ. ಆಮೇಲೆ ಅವರು ಹಿತ್ತಲಿಗೆ ಹೋಗುವುದನ್ನು ಹಿಂದಿನಿಂದ ನೋಡಿದೆ. ನನ್ನ ಕೆಲಸದಲ್ಲಿ ಇಂಥ ನಡಿಗೆಯನ್ನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ. ಎರಡು ತಿಂಗಳು ನೋಡುತ್ತಲೇ ಇದ್ದೆ, ಬಾಯಿ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಗಂಗಣ್ಣನವರ ಮನೆಯಿಂದ ಬರುವಾಗ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲಿ ಐದಾರು ಸಾಲು ಬರೆದೆ. ಬರೆಯುವಾಗ ಒಂದೂ ಬಿಡದೆ ಓದಿ ಹೇಳಬೇಕೆಂಬ ಷರತ್ತು ನೆನಪಿತ್ತೋ ಇಲ್ಲವೋ ಈಗ ಹೇಳಲಾರೆ.

ಸಂಜೆ ಹದಿನಾಲ್ಕೂ ಮನೆಯದು ಓದಿ ಮುಗಿಸಿದೆ. ಮಾವನವರು ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ.

“ಇನ್ನೂ ಇದೆ” ಅಂದರು.

“ಇಲ್ಲ ಮಾವ, ಆಯ್ತು.”

“ಸಾಕ್ಷಿ ಹೇಳೋರ ಮುಖ ನೋಡ್ಕೊಂಡೇ ನಲವತ್ತು ವರ್ಷ ಕೂತಿದ್ದೆ. ಓದಿ.”

ನಾನು ಓದಿದೆ, ಮೊದಲ ಪದ ಬಿಟ್ಟು. “ಬಲಗೈಯ ಎರಡು ಬೆರಳು ಸುಮ್ಮನೆ ಕೂತಾಗ ಬತ್ತಿ ಹೊಸೆಯುವ ಹಾಗೆ ಆಡುತ್ತವೆ. ನಡೆಯುವಾಗ ಬಲಗೈ ಬೀಸುವುದಿಲ್ಲ. ಹೆಜ್ಜೆ ಚಿಕ್ಕದಾಗಿದೆ. ನರದ ಡಾಕ್ಟರಿಗೆ ತೋರಿಸಬೇಕು. ಹೇಗೆ ಹೇಳುವುದೋ ತಿಳಿಯದು.”

“ಯಾರದು?”

ನಾನು ಫೋನನ್ನು ತೊಡೆಯ ಮೇಲೆ ಮಗುಚಿಟ್ಟೆ.

“ಹೆಸರಿಲ್ಲದ್ದಕ್ಕೆ ನಕಲು ಕೊಡೋಕಾಗಲ್ಲ, ಅಳಿಯಂದಿರೇ. ಮೊದಲಿಂದ ಓದಿ.”

“ಮಾವನವರ,” ಎಂದು ಶುರು ಮಾಡಿ ಮತ್ತೊಮ್ಮೆ ಕೊನೆಯವರೆಗೂ ಓದಿದೆ.

ಅವರು ಟೈಪು ಮಾಡತೊಡಗಿದರು. ಎಂದಿಗಿಂತ ನಿಧಾನ. ಪಕ್ಕದ ಮನೆಯಲ್ಲಿ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿದ್ದರು. ಮುಗಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ನಂಜುಂಡಾರಾಧ್ಯ ಎಂಬುವರ ದಕ್ಷಿಣ ಹಸ್ತದ ಅಂಗುಷ್ಠ ಮತ್ತು ತರ್ಜನಿಗಳು ಬಿಡುವಿನ ವೇಳೆಯಲ್ಲಿ ಅಪ್ಪಣೆಯಿಲ್ಲದೆ ಚಲಿಸುತ್ತಿರುವುದು ಕಂಡುಬಂದಿದೆ. ನಡಿಗೆಯಲ್ಲಿ ಸದರಿ ಹಸ್ತದ ಸಹಕಾರವಿರುವುದಿಲ್ಲ. ಪಾದಗಳ ಅಂತರ ಕುಗ್ಗಿದೆ. ತಜ್ಞರ ಅಭಿಪ್ರಾಯ ಪಡೆಯತಕ್ಕದ್ದು. ತಿಳಿಸುವ ಬಗೆ ಅಳಿಯನಿಗೆ ಹೊಳೆದಿರುವುದಿಲ್ಲ. ಸದರಿಯವರಿಗೆ ವಿಷಯ ಮೊದಲೇ ತಿಳಿದಿರುತ್ತದೆ.’

ಕೊನೆಯ ಸಾಲು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ನಾನು ಅದನ್ನೇ ನೋಡುತ್ತ ಕೂತೆ.

“ಒಂದು ವರ್ಷ ಆಯ್ತು” ಅಂದರು. “ಪೆನ್ನು ಹಿಡಿದ್ರೆ ಅಕ್ಷರ ಬರ್ತಾ ಬರ್ತಾ ಎಳ್ಳಿನಷ್ಟಾಗ್ತಿತ್ತು. ನಾನು ಬರೆದದ್ದು ನನಗೇ ಓದೋಕಾಗ್ತಿರ್ಲಿಲ್ಲ. ಇನ್ನು ನನ್ನಿಂದ ಏನೂ ಪ್ರಯೋಜನ ಇಲ್ಲ ಅಂದ್ಕೊಂಡು ಕೂತಿದ್ದೆ. ಅಷ್ಟ್ರಲ್ಲಿ ನೀವು ಬಂದು ಬಾಗಿಲಲ್ಲಿ ನಿಂತ್ರಿ. ಕೀಬೋರ್ಡಲ್ಲಿ ಅಕ್ಷರ ಸಣ್ಣ ಆಗಲ್ಲ ನೋಡಿ.”

“ನನಗೆ ಹೇಳಬಹುದಿತ್ತು ಮಾವ. ನಾನು ನೋಡ್ಕೊಳ್ಳೋದೇ ಇಂಥೋರನ್ನ.”

“ನಿಮ್ಮ ಕೆಲಸಕ್ಕೆ ಏನೇನೋ ಅಂದಿದ್ದೆ. ಯಾವ ಮುಖ ಇಟ್ಕೊಂಡು ಹೇಳ್ಲಿ?” ಅಂದರು. ಅವರ ಬಲಗೈ ತೊಡೆಯ ಮೇಲೆ ಆಡುತ್ತಿತ್ತು. ಅದನ್ನು ಎತ್ತಿ ನನ್ನ ಕೈಯಲ್ಲಿ ಹಿಡಿದುಕೊಂಡೆ, ನಾಡಿ ನೋಡುವವನ ಹಾಗೆ. ಅವರು ಬಿಡಿಸಿಕೊಳ್ಳಲಿಲ್ಲ.

“ವಿಶಾಲೂಗೆ ನಾನೇ ಹೇಳ್ತೀನಿ, ಕರೀರಿ” ಅಂದರು.

ಬಾಗಿಲು ತೆಗೆದು ಕರೆದೆ. ವಿಶಾಲಾಕ್ಷಿ ರೊಟ್ಟಿ ತಟ್ಟುತ್ತಿದ್ದಳು, ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಮಾವನವರು ಗಂಟಲು ಸರಿಮಾಡಿಕೊಂಡು, “ಸದರಿ ವಿಷಯ ಏನಪ್ಪಾ ಅಂದ್ರೆ” ಎಂದು ಶುರು ಮಾಡಿದರು. ಮುಂದೆ ಬರಲಿಲ್ಲ. ಸ್ವಲ್ಪ ತಡೆದು, “ಮಗಾ, ನನ್ನ ಕೈ...” ಅಂದರು.

“ಗೊತ್ತಪ್ಪ” ಅಂದಳು.

“ಯಾರು ಹೇಳಿದ್ದು? ಇವರಾ?”

“ಇವ್ರು ಎಲ್ಲಿ ಹೇಳ್ತಾರೆ? ನಿಮ್ಮ ಅಂಗಿ ನೋಡ್ಕೊಳ್ಳಿ.”

ಅವರು ಬಗ್ಗಿ ನೋಡಿಕೊಂಡರು. ನಾನೂ ಹತ್ತಿರ ಹೋಗಿ ನೋಡಿದೆ. ಗುಂಡಿಗಳು ಎಂದಿನ ಗುಂಡಿಗಳೇ. ಆದರೆ ಅವು ಮೇಲೆ ಸುಮ್ಮನೆ ಹೊಲಿದಿದ್ದವು, ಒಳಗೆ ಒತ್ತಿದರೆ ಕೂರುವ ಟಿಚ್ ಬಟನ್ನುಗಳಿದ್ದವು. ಗುಂಡಿ ತೂರಿಸುವ ಕಾಜಾಗಳನ್ನು ನೂಲಿನಿಂದ ಮುಚ್ಚಿದ್ದಳು.

“ಎಲ್ಲಾ ಅಂಗೀಗೂ ಹಾಕಿದೀನಿ. ಆರು ತಿಂಗಳಾಯ್ತು.”

ಮಾವನವರು ಒಂದು ಬಟನ್ನನ್ನು ಬಿಚ್ಚಿ ಒತ್ತಿ, ಮತ್ತೆ ಬಿಚ್ಚಿದರು. “ಗುಂಡಿ ಸಲೀಸಾಗಿ ಕೂರ್ತಿತ್ತು, ಕೈ ಸ್ವಲ್ಪ ಸುಧಾರಿಸ್ತಾ ಇದೆ ಅಂದ್ಕೊಂಡಿದ್ದೆ” ಅಂದರು, ಮೆಲ್ಲಗೆ. ಒಳಗೆ ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ವಿಶಾಲಾಕ್ಷಿ ಹೊರಟವಳು ಬಾಗಿಲಲ್ಲಿ ತಿರುಗಿ, “ಶುಕ್ರವಾರ ಹನ್ನೊಂದು ಗಂಟೆಗೆ ನರದ ಡಾಕ್ಟ್ರ ಹತ್ರ ಹೆಸರು ಬರೆಸಿದೀನಿ. ನಿಮ್ಮಿಬ್ರಲ್ಲಿ ಒಬ್ರಾದ್ರೂ ಬಾಯಿ ಬಿಡ್ತೀರೇನೋ ಅಂತ ಕಾಯ್ತಿದ್ದೆ. ಬಿಡದಿದ್ರೆ ಎಳ್ಕೊಂಡು ಹೋಗ್ತಿದ್ದೆ” ಅಂದಳು.

ನರದ ಡಾಕ್ಟರಿದ್ದದ್ದು ಪಕ್ಕದ ಊರಿನಲ್ಲಿ. ಅವರು ಮಾವನವರನ್ನು ನಡೆಸಿದರು, ಬೆರಳು ಬಡಿಸಿದರು, ತೋಳು ಮಡಿಸಿ ಬಿಡಿಸಿದರು. ಆಮೇಲೆ ಪೆನ್ನು ತೆಗೆದು, “ಯಾವಾಗಿಂದ?” ಎಂದು ಕೇಳಿದರು.

“ಎರಡು ತಿಂಗಳಿಂದ” ಅಂದೆ ನಾನು.

“ಒಂದು ವರ್ಷದಿಂದ” ಅಂದರು ಮಾವನವರು.

“ಮೂರು ವರ್ಷದ ಮೇಲಾಯ್ತು” ಅಂದಳು ವಿಶಾಲಾಕ್ಷಿ. “ಅಮ್ಮ ಇದ್ದಾಗ್ಲೇ ಶುರುವಾಗಿತ್ತು. ಅವಳೇ ನನಗೆ ಹೇಳಿದ್ದು.”

ಡಾಕ್ಟರು ಅವಳದನ್ನೇ ಬರೆದುಕೊಂಡರು. ಪಾರ್ಕಿನ್ಸನ್ಸ್ ಎಂದರು. ಹೋಗುವಂಥದ್ದಲ್ಲ, ಆದರೆ ಮಾತ್ರೆಯಲ್ಲಿ ಹಿಡಿತಕ್ಕೆ ಸಿಗುತ್ತದೆ, ಇನ್ನೂ ಬಹಳ ವರ್ಷ ಅವರ ಕೆಲಸ ಅವರು ಮಾಡಿಕೊಳ್ಳಬಹುದು, ಬೆರಳಿಗೆ ಕೆಲಸ ಕೊಡುತ್ತಿರಬೇಕು ಎಂದರು. “ಏನಾದ್ರೂ ಮಾಡ್ತೀರಾ ಕೈಯಲ್ಲಿ?” ಎಂದು ಕೇಳಿದ್ದಕ್ಕೆ ಮಾವನವರು, “ಅಳಿಯಂದಿರಿಗೆ ನಕಲು ಮಾಡ್ಕೊಡ್ತೀನಿ” ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ, ಒಳ್ಳೆಯದು ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಮಾವನವರು ನಡುವೆ ಕೂತರು. ಎರಡು ಸ್ಟಾಪು ದಾಟಿದವು. ಆಮೇಲೆ ಮಗಳ ಕಡೆ ತಿರುಗಿ, “ನಿಮ್ಮಮ್ಮ ಏನಂತ ಹೇಳಿದ್ಲು?” ಎಂದು ಕೇಳಿದರು.

“ಅದೇ, ನಿಮ್ಮ ಕೈ ವಿಷಯ.”

“ಅದಲ್ಲ. ಅವಳು ಹೇಳಿದ ಮಾತು. ಅವಳು ಹೇಳಿದ ಹಾಗೇ ಹೇಳು.”

ವಿಶಾಲಾಕ್ಷಿ ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. “‘ನಿಮ್ಮಪ್ಪನ ಕೈ ಸೋಲ್ತಾ ಇದೆ ಕಣೇ. ಅವ್ರು ಯಾರ್ಗೂ ಹೇಳ್ಕೊಳ್ಳಲ್ಲ. ನೋಡ್ಕೊ, ಆದ್ರೆ ನೋಡ್ಕೊಳ್ತಿದೀಯ ಅಂತ ಅವ್ರಿಗೆ ಕಾಣಿಸ್ಬೇಡ.’ ಹಾಗಂದ್ಲು.”

ಮಾವನವರು ತಲೆಯಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ, “ಇನ್ನೊಂದ್ಸಲ ಹೇಳು” ಅಂದರು. ನಮ್ಮೂರು ಬರುವುದರೊಳಗೆ ಅವಳು ಅದನ್ನು ಮೂರು ಸಲ ಹೇಳಿದಳು, ಒಂದು ಅಕ್ಷರವೂ ಬದಲಾಗದ ಹಾಗೆ.